ಬ್ಲ್ಯಾಕ್ ಕರಂಟ್ ನೆಡುವ ಮುಂಚೆ: ನ್ಯೂ ಹ್ಯಾಂಪ್‌ಶೈರ್‌ನ ಪರ್ಮಿಟ್ ವಿಚಾರ

ಊರಲ್ಲಿ ಬ್ಲ್ಯಾಕ್ ಕರಂಟ್ ಐಸ್‌ಕ್ರೀಮ್ ತಿಂದು ಬೆಳೆದವರಿಗೆ ಅಮೆರಿಕದಲ್ಲಿ ಆ ರುಚಿ ಸುಲಭಕ್ಕೆ ಸಿಗುವುದಿಲ್ಲ. ಸರಿ, ಹಿತ್ತಲಲ್ಲೇ ನಾಲ್ಕು ಗಿಡ ಹಾಕೋಣ ಅಂತ ಹೊರಟರೆ ನರ್ಸರಿಯ ವೆಬ್‌ಸೈಟು ‘ನಿಮ್ಮ ರಾಜ್ಯಕ್ಕೆ ಕಳಿಸುವುದಿಲ್ಲ’ ಅನ್ನುತ್ತದೆ. ನ್ಯೂ ಇಂಗ್ಲೆಂಡ್ ಕಡೆ, ಅಂದರೆ ದೇಶದ ಈಶಾನ್ಯದ ರಾಜ್ಯಗಳಲ್ಲಿ ಇರುವವರಿಗೆ ಇದು ಹೊಸದಲ್ಲ. ಅಡ್ಡ ಬರುವುದು ಬಿಳಿ ಪೈನ್ ಮರ.

ಈ ಪೈನ್‌ಗೆ ತಗಲುವ ತುಕ್ಕು ರೋಗದ ಶಿಲೀಂಧ್ರ ಕ್ರೊನಾರ್ಟಿಯಮ್ ರಿಬಿಕೋಲಾ. ಇದು ಪೈನ್‌ನಿಂದ ಪೈನ್‌ಗೆ ನೇರವಾಗಿ ಹರಡಲಾರದು, ನಡುವೆ ರೈಬೀಸ್ ಜಾತಿಯ ಒಂದು ಗಿಡ ಬೇಕೇ ಬೇಕು. ಕರಂಟ್, ಗೂಸ್‌ಬೆರಿ ಎಲ್ಲ ಆ ಜಾತಿಯವೇ. ವಸಂತದಲ್ಲಿ ಪೈನ್ ತೊಗಟೆ ಗುಳ್ಳೆಯೆದ್ದು ಒಡೆದು ಕಿತ್ತಳೆ ಬಣ್ಣದ ಪುಡಿ ಹಾರುತ್ತದೆ. ಆ ಪುಡಿ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗಿ ಕರಂಟ್ ಎಲೆಯ ಮೇಲೆ ಕೂರಬಲ್ಲದು. ಬೇಸಿಗೆಯಿಡೀ ಒಂದು ಕರಂಟ್ ಗಿಡದಿಂದ ಇನ್ನೊಂದಕ್ಕೆ ಹಬ್ಬಿ, ಬೇಸಿಗೆಯ ಕೊನೆಗೆ ಎಲೆಯ ಅಡಿಯಲ್ಲಿ ಬೇರೆ ತರಹದ ಬೀಜಕಣ ಮಾಡಿ ಪೈನ್‌ಗೆ ವಾಪಸು ಕಳಿಸುತ್ತದೆ. ಈ ಕೊನೆಯ ಬೀಜಕಣ ಮಾತ್ರ ಬಹಳ ನಾಜೂಕು. ತಂಪು ಮತ್ತು ತೇವ ಇದ್ದರಷ್ಟೇ ಬದುಕುತ್ತದೆ, ಸಾಮಾನ್ಯವಾಗಿ 300 ಮೀಟರ್ ದಾಟುವುದಿಲ್ಲ. ಕರಂಟನ್ನು ಪೈನ್‌ನಿಂದ ದೂರ ಇಡುವ ನಿಯಮಗಳೆಲ್ಲ ನಿಂತಿರುವುದು ಈ ಒಂದು ದೌರ್ಬಲ್ಯದ ಮೇಲೆ.

ರೋಗ ಅಮೆರಿಕದ್ದಲ್ಲ, 1900ರ ಆಸುಪಾಸಿನಲ್ಲಿ ಯುರೋಪಿನ ನರ್ಸರಿಗಳಿಂದ ತಂದ ಪೈನ್ ಸಸಿಗಳ ಜೊತೆ ಬಂತು. ಫೆಡರಲ್ ಸರ್ಕಾರ ಕರಂಟ್ ಮೇಲೆ ನಿಷೇಧ ಹೇರಿತು. 1930ರ ದಶಕದಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ, ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ಕಟ್ಟಿದ ಪಡೆಯ ಹುಡುಗರು ಕಾಡು ಕಾಡು ಸುತ್ತಿ ರೈಬೀಸ್ ಗಿಡಗಳನ್ನು ಬೇರುಸಹಿತ ಕಿತ್ತರು. 1966ರಲ್ಲಿ ಫೆಡರಲ್ ನಿಷೇಧ ಹೋಯಿತು, ತೀರ್ಮಾನ ರಾಜ್ಯಗಳ ಪಾಲಿಗೆ ಬಂತು. ಹಾಗಾಗಿ ಇವತ್ತು ಗಡಿ ದಾಟಿದರೆ ಕಾನೂನೇ ಬೇರೆ. ಮೇನ್‌ನಲ್ಲಿ ಬ್ಲ್ಯಾಕ್ ಕರಂಟ್ ಇಡೀ ರಾಜ್ಯದಲ್ಲಿ ನಿಷಿದ್ಧ, ‘ರೋಗನಿರೋಧಕ’ ಅಂತ ಮಾರುವ ತಳಿ ಕೂಡ. ಅಲ್ಲಿನ ದಕ್ಷಿಣ ಕೌಂಟಿಗಳಲ್ಲಿ ಕೆಂಪು ಕರಂಟ್, ಗೂಸ್‌ಬೆರಿಯೂ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ನಿಷೇಧಿತ ಊರುಗಳ ಪಟ್ಟಿ ಇದೆ, ಮೊದಲು ನಿಮ್ಮ ಊರಿನ ಹೆಸರು ಅದರಲ್ಲಿದೆಯಾ ನೋಡಬೇಕು. ನ್ಯೂಯಾರ್ಕ್ 2003ರಲ್ಲಿ ಬಾಗಿಲು ತೆರೆಯಿತು.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನೆಡಲು ಪರ್ಮಿಟ್ ಬೇಕು, ಅದನ್ನು ಕೊಡುವುದು ಅರಣ್ಯ ಇಲಾಖೆ. ಕೃಷಿ ಇಲಾಖೆಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಕ್ರಮ ಹೀಗಿರಲಿ: ಮೊದಲು ನೆಡಲು ಒಪ್ಪಿಗೆಯಿರುವ ತಳಿಗಳ ಸದ್ಯದ ಪಟ್ಟಿಯನ್ನು ಇಲಾಖೆಯಿಂದ ತರಿಸಿಕೊಳ್ಳಿ, ಅದರಲ್ಲಿರುವ ತಳಿಯನ್ನೇ ಆರಿಸಿ, ಪರ್ಮಿಟ್ ಕೈಗೆ ಬಂದ ಮೇಲೆ ನರ್ಸರಿಗೆ ದುಡ್ಡು ಕಟ್ಟಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸಸಿ ಮನೆಗೆ ಬಂದಿರುತ್ತದೆ, ಬೇರು ಒಣಗುತ್ತಿರುತ್ತದೆ, ತಳಿ ಪಟ್ಟಿಯಲ್ಲಿ ಇರುವುದಿಲ್ಲ. ಅರ್ಜಿ ಹಾಕುವಾಗ ನೆಡುವ ಜಾಗದ ವಿಳಾಸ, ಜಾತಿ, ತಳಿ, ಗಿಡಗಳ ಸಂಖ್ಯೆ ನಿಮ್ಮ ಕೈಯಲ್ಲಿರಲಿ. ಬರೀ ‘ಬ್ಲ್ಯಾಕ್ ಕರಂಟ್’ ಅಂತ ಬರೆದರೆ ಸಾಲದು, ತಳಿಯ ಹೆಸರೇ ಇಲ್ಲಿ ಮುಖ್ಯ. ಸಸಿಯ ಲೇಬಲ್ ಮತ್ತು ರಸೀದಿ ಎತ್ತಿಡಿ. ಪಕ್ಕದ ಮನೆಯವರು ಪ್ರೀತಿಯಿಂದ ಕೊಡುವ ಕಡ್ಡಿ ಬೇಡವೇ ಬೇಡ. ಕರಂಟ್ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ ನಿಜ, ಆದರೆ ಯಾವ ತಳಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ತಳಿ. ಕಾನ್ಸಾರ್ಟ್, ಕ್ರುಸೇಡರ್, ಕಾರೊನೆಟ್, ಟೈಟಾನಿಯಾ ಇವೆಲ್ಲ ತುಕ್ಕು ತಗಲದ ಬ್ಲ್ಯಾಕ್ ಕರಂಟ್ ಅಂತ ಹೆಸರಾದವು. ನಾಲ್ಕಕ್ಕೂ ಆ ಗುಣ ಬಂದಿರುವುದು ಸಿಆರ್ ಎಂಬ ಒಂದೇ ಜೀನ್‌ನಿಂದ. ಒಂದೇ ಜೀನ್ ನಂಬಿದರೆ ಏನಾಗುತ್ತದೆ ಎಂದು ನಮ್ಮ ಕಾಫಿ ಬೆಳೆಗಾರರನ್ನು ಕೇಳಬೇಕು. ಮೈಸೂರು ಸೀಮೆಯಲ್ಲಿ ಆರಿಸಿದ ಕೆಂಟ್ಸ್ ತಳಿ ಎಲೆ ತುಕ್ಕನ್ನು ಕೆಲಕಾಲ ತಡೆದು, ರೋಗದ ಹೊಸ ಬಗೆ ಬಂದಾಗ ಸೋತಿತು. ಇಲ್ಲೂ ಅದೇ ಆಯಿತು. ಕನೆಕ್ಟಿಕಟ್‌ನ ಪ್ರೆಸ್ಟನ್‌ನಲ್ಲಿ ಟೈಟಾನಿಯಾ ಎಲೆಗಳ ಮೇಲೆ ತುಕ್ಕು ಸಿಕ್ಕಿತು, ಆಮೇಲೆ ನ್ಯೂ ಹ್ಯಾಂಪ್‌ಶೈರ್‌ನ ತೋಟಗಳಲ್ಲೂ ಕಂಡಿತು. ಹಳೆಯ ಪುಸ್ತಕದ ತಳಿಪಟ್ಟಿ ನೋಡಿ ಕೊಳ್ಳಬೇಡಿ ಅನ್ನುವುದು ಇದಕ್ಕೇ. ನನ್ನ ಕೇಳಿದರೆ, ಮನೆಯ ಹತ್ತಿರ ಬಿಳಿ ಪೈನ್ ಇರುವವರು ವೈಕಿಂಗ್‌ನಂಥ ರೋಗ ತಡೆಯುವ ಕೆಂಪು ಕರಂಟ್‌ಗೆ ತೃಪ್ತಿಪಡುವುದು ಒಳ್ಳೆಯದು. ಸಾರಿಗೆ ಹಾಕಿದರೂ ಹುಳಿ ಚೆನ್ನಾಗೇ ಹಿಡಿಯುತ್ತದೆ.

ಬಿಳಿ ಪೈನ್ ಗುರುತಿಸುವುದು ಸುಲಭ. ಒಂದು ಗೊಂಚಲು ಸೂಜಿ ಕಿತ್ತು ಎಣಿಸಿ, ಐದಿದ್ದರೆ ಅದೇ. ಎರಡೋ ಮೂರೋ ಇದ್ದರೆ ಈ ರೋಗದ ಚಿಂತೆಯಿಲ್ಲ.

ಬ್ಲ್ಯಾಕ್ ಕರಂಟ್‌ಗೆ ಪರ್ಮಿಟ್ ಸಿಕ್ಕಿತು ಅಂದುಕೊಳ್ಳಿ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಬಿಡಿ, ನರ್ಸರಿಯಲ್ಲಿದ್ದುದಕ್ಕಿಂತ ಎರಡಿಂಚು ಆಳಕ್ಕೆ ನೆಡಿ, ಗಾಳಿಯಾಡುವ ಜಾಗ ಕೊಡಿ. ಎಲೆ ಬೇಗ ಒಣಗಿದಷ್ಟೂ ತುಕ್ಕು ಕಡಿಮೆ. ಸ್ಪ್ರಿಂಕ್ಲರ್ ಬೇಡ, ಬುಡಕ್ಕೆ ನೀರು ಬಿಡಿ. ಜುಲೈನಿಂದ ಎಲೆಗಳನ್ನು ಮಗುಚಿ ನೋಡುತ್ತಿರಿ. ಮೊದಲು ಅಡಿಭಾಗದಲ್ಲಿ ಹಳದಿ-ಕಿತ್ತಳೆ ಪುಡಿಯ ಚುಕ್ಕೆ ಬರುತ್ತದೆ, ಆಮೇಲೆ ಅದೇ ಜಾಗದಲ್ಲಿ ಕಂದು ಬಣ್ಣದ ಸಣ್ಣ ಕೂದಲಿನಂಥ ಎಳೆಗಳು ಏಳುತ್ತವೆ. ಕೂದಲು ಕಂಡಿತೆಂದರೆ ಪೈನ್‌ಗೆ ತಗಲುವ ಹಂತ ಬಂತೆಂದೇ ಅರ್ಥ. ಗಿಡ ಸಾಯುವುದಿಲ್ಲ, ಎಲೆ ಬೇಗ ಉದುರುತ್ತದೆ ಅಷ್ಟೆ. ಅದಕ್ಕೇ ಜನ ಉದಾಸೀನ ಮಾಡುವುದು. ಎಲೆಯ ಅಡಿಭಾಗದ ಫೋಟೋ ತೆಗೆದು ಇಲಾಖೆಗೆ ಕಳಿಸಿ, ಗಿಡ ಕಿತ್ತು ಹಾಕಲು ಹೇಳಿದರೆ ಕಿತ್ತುಹಾಕಿ.

ಹತ್ತಿರದ ಪೈನ್‌ನ ಒಂದು ಕೊಂಬೆ ಮಾತ್ರ ಕೆಂಪಗೆ ಒಣಗಿದ್ದರೆ ಅದರ ಬುಡದ ಕಡೆ ಊದಿದ, ರಾಳ ಸುರಿಯುವ ಗಾಯ ಹುಡುಕಿ. ಗಾಯ ಕಾಂಡದಿಂದ ನಾಲ್ಕಿಂಚಿಗಿಂತ ದೂರ ಇದ್ದರೆ ಕೊಂಬೆ ಕಡಿದು ಮರ ಉಳಿಸಬಹುದು. ಕಾಂಡಕ್ಕೇ ಇಳಿದಿದ್ದರೆ ಸಾಮಾನ್ಯವಾಗಿ ಆಸೆ ಬಿಡಬೇಕು. ಕಡಿದ ಕೊಂಬೆಯನ್ನು ಸುಡುವ ಕೆಲಸವಿಲ್ಲ, ಸತ್ತ ಕಟ್ಟಿಗೆಯಲ್ಲಿ ಈ ಶಿಲೀಂಧ್ರ ಬದುಕುವುದಿಲ್ಲ.