ಟಾವೊ ಅವರಿಗೆ ಒಂದೇ ಅಂಕ ಕೊಟ್ಟ ಪ್ರಶ್ನೆ

ಆಸ್ಟ್ರೇಲಿಯಾದ ಗಣಿತಜ್ಞ ಟೆರೆನ್ಸ್ ಟಾವೊ, ಶಾಲಾ ಮಕ್ಕಳ ಸ್ಪರ್ಧೆಯಾದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 1986ರಲ್ಲಿ ಕಂಚು, 1987ರಲ್ಲಿ ಬೆಳ್ಳಿ, 1988ರಲ್ಲಿ ತಮ್ಮ ಹದಿಮೂರನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ಚಿನ್ನ ಗೆದ್ದರು. ಅವರ ಬಗ್ಗೆ ಬರೆಯುವವರು ಆ ವಯಸ್ಸಿನ ಬಳಿಯೇ ನಿಂತುಬಿಡುತ್ತಾರೆ. ಸ್ಪರ್ಧೆಗೆ ಬಂದ ಮಕ್ಕಳು ಅಲ್ಲಿ ಕುಳಿತು ಏನು ಮಾಡುತ್ತಾರೆ ಎಂಬುದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು ಆರು ಪ್ರಶ್ನೆ, ಒಂದೊಂದಕ್ಕೆ ಏಳು ಅಂಕ. ಪದಕದ ಗಡಿ ಆಯಾ ವರ್ಷದ ಎಲ್ಲ ಸ್ಪರ್ಧಿಗಳ ಅಂಕಗಳನ್ನು ನೋಡಿ ನಿರ್ಧಾರವಾಗುವುದರಿಂದ, 42ಕ್ಕೆ 40 ಪಡೆದ ವರ್ಷ ಟಾವೊ ಅವರಿಗೆ ಬೆಳ್ಳಿ ಸಿಕ್ಕಿತು, 34 ಪಡೆದ ಮರುವರ್ಷ ಚಿನ್ನ.

1988ರ ಕ್ಯಾನ್‌ಬೆರಾ ಸ್ಪರ್ಧೆಯ ಆರನೆಯ ಪ್ರಶ್ನೆ ಇಂದಿಗೂ ಪ್ರಸಿದ್ಧ. ಎರಡು ಧನಪೂರ್ಣಾಂಕಗಳ ವರ್ಗಗಳ ಮೊತ್ತವನ್ನು, ಅವುಗಳ ಗುಣಲಬ್ಧಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆಯು ನಿಶ್ಶೇಷವಾಗಿ ಭಾಗಿಸಿದರೆ, ಭಾಗಲಬ್ಧ ಯಾವಾಗಲೂ ಪೂರ್ಣವರ್ಗವೇ ಎಂದು ಸಾಧಿಸಬೇಕು. 8 ಮತ್ತು 30ನ್ನು ತೆಗೆದುಕೊಳ್ಳಿ: ವರ್ಗಗಳ ಮೊತ್ತ 964, ಭಾಜಕ 241, ಭಾಗಲಬ್ಧ 4. ಈಗ ಭಾಗಲಬ್ಧವನ್ನೂ 8ನ್ನೂ ಹಾಗೆಯೇ ಉಳಿಸಿಕೊಂಡು, 30ನ್ನು ಒಂದು ವರ್ಗಸಮೀಕರಣದ ಮೂಲವೆಂದು ಭಾವಿಸಿದರೆ, ಅದರ ಇನ್ನೊಂದು ಮೂಲ 2 ಎಂದು ತಿಳಿಯುತ್ತದೆ. ಅದೇ ರೀತಿ 2ನ್ನು ಉಳಿಸಿಕೊಂಡು 8ನ್ನು ಬದಲಿಸಿದರೆ ಸೊನ್ನೆ ಬರುತ್ತದೆ. ಒಂದು ಸಂಖ್ಯೆ ಸೊನ್ನೆಯಾದ ಕೂಡಲೇ ಭಾಗಲಬ್ಧವು ಇನ್ನೊಂದರ ವರ್ಗವಲ್ಲದೆ ಬೇರೇನೂ ಆಗಲಾರದು. ಇಲ್ಲಿ ಅದು 2ರ ವರ್ಗ, 4. ಯಾವ ಜೋಡಿಯಿಂದ ಹೊರಟರೂ ಇಳಿಯುತ್ತಾ ಹೋಗಿ ಸೊನ್ನೆಯನ್ನೇ ಮುಟ್ಟುತ್ತೇವೆ ಎಂದು ತೋರಿಸುವುದರಲ್ಲಿ ಇಡೀ ಸಾಧನೆಯ ಜೀವವಿದೆ. ಬಳಸಿದ್ದು ಪ್ರೌಢಶಾಲೆಯ ಬೀಜಗಣಿತವಷ್ಟೇ; ಆದರೆ ಅದನ್ನು ಇಲ್ಲಿ ಹೀಗೆ ಬಳಸಬಹುದೆಂದು ಹೊಳೆಯುವುದೇ ಕಷ್ಟ.

ಅಂದು ಈ ಪ್ರಶ್ನೆಗೆ ಪೂರ್ಣ ಅಂಕ ಪಡೆದವರು ಹನ್ನೊಂದೇ ಜನ. ಅವರಲ್ಲಿ ವಿಯೆಟ್ನಾಂನ ನ್ಗೋ ಬಾವೊ ಚೌ ಒಬ್ಬರು. ಟಾವೊ ಅವರಿಗೆ ಸಿಕ್ಕಿದ್ದು ಏಳಕ್ಕೆ ಒಂದು. ಮುಂದೆ ಇಬ್ಬರೂ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕಕ್ಕೆ ಪಾತ್ರರಾದರು: ಟಾವೊ 2006ರಲ್ಲಿ, ಚೌ 2010ರಲ್ಲಿ. ಒಲಿಂಪಿಯಾಡ್ ಪ್ರಶ್ನೆಗೆ ಉತ್ತರವಿದೆ ಎಂಬುದು ಮೊದಲೇ ಖಚಿತ, ಸಮಯಕ್ಕೂ ಮಿತಿಯಿದೆ. ಸಂಶೋಧನೆಯಲ್ಲಿ ಇವೆರಡೂ ಇಲ್ಲ. ಆದ್ದರಿಂದ ಪದಕ ತಪ್ಪಿದ ಮಗುವನ್ನು ಗಣಿತದಲ್ಲಿ ಹಿಂದೆ ಬಿದ್ದ ಮಗುವೆಂದು ಎಣಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಬಾಲಪ್ರತಿಭೆಯೊಂದು ಗೆದ್ದ ಸುದ್ದಿ ಬಂದಾಗಲೆಲ್ಲ ನಾನು ಆ ವರ್ಷದ ಪ್ರಶ್ನೆಪತ್ರಿಕೆಯನ್ನು ಹುಡುಕಿ ಓದುತ್ತೇನೆ. ಸುದ್ದಿ ಬರೆಯುವವರು ಮಗುವಿನ ಭಾವಚಿತ್ರದ ಪಕ್ಕದಲ್ಲಿ ಒಂದಾದರೂ ಪ್ರಶ್ನೆಯನ್ನು ಅಚ್ಚು ಹಾಕಿದರೆ, ಓದುವ ಇತರ ಮಕ್ಕಳು ಪೆನ್ಸಿಲ್ ಹಿಡಿದು ತಾವೂ ಪ್ರಯತ್ನಿಸಬಹುದು.