ಮಾವನ ಪ್ರೆಸ್ಸಿನ ಲೆಕ್ಕ: ಆರನೇ ವಾರ
ಮಾವನ ಪ್ರೆಸ್ಸಲ್ಲಿ ಕೆಲಸ ಎಲ್ಲಿ ಲೇಟಾಗುತ್ತೆ ಅಂತ ಲೆಕ್ಕ ಇಡ್ತಿದೀನಿ. ಹೋದ್ಸಲ ಬರೆದಾಗ ಅದರ ಗೂಗಲ್ ಶೀಟ್ ರೆಡಿ ಇತ್ತು ಡೇಟಾ ಇರ್ಲಿಲ್ಲ, ಈಗ ಒಂದೂವರೆ ತಿಂಗಳ ಡೇಟಾ ಇದೆ, ನಾನು ಅಂದ್ಕೊಂಡಿದ್ದು ಮಾವ ಅಂದ್ಕೊಂಡಿದ್ದು ಎರಡೂ ತಲೆಕೆಳಗು.

ಹೊಸಬರಿಗೆ ಹೇಳ್ಬೇಕಂದ್ರೆ ಮಾವಂದು ಸಣ್ಣ ಆಫ್‌ಸೆಟ್ ಪ್ರೆಸ್ಸು, ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ. ಪ್ರತಿ ಜಾಬ್ ಕಾರ್ಡಿನ ಮೇಲೆ ಐದು ಟೈಮ್ ಬರೀತಾರೆ: ಆರ್ಡರ್, ಪ್ರೂಫ್ (ಪ್ರಿಂಟಿಗೆ ಮುಂಚೆ ಗಿರಾಕಿ ನೋಡಿ ಒಪ್ಪೋ ಮಾದರಿ) ಕಳ್ಸಿದ್ದು, ಪ್ರೂಫ್ ಓಕೆ, ಪ್ರಿಂಟ್ ಮುಗಿದಿದ್ದು, ರೆಡಿ. ಸಂಜೆ ನಾನು ಗೂಗಲ್ ಶೀಟಿಗೆ ಹಾಕ್ತೀನಿ, ರಿಪೋರ್ಟು ಗೂಗಲ್ಲಿನದೇ ರಿಪೋರ್ಟ್ ಟೂಲ್ ಲುಕರ್ ಸ್ಟುಡಿಯೋದಲ್ಲಿ (2022ರವರೆಗೂ ಡೇಟಾ ಸ್ಟುಡಿಯೋ ಅಂತಿದ್ರಲ್ಲ, ಅದೇ).

ಮಾವ ಮೊದಲಿಂದ ಮಷೀನ್ ಹಳೇದು ಅದಕ್ಕೇ ಲೇಟು ಅಂತಿದ್ರು. ಶೀಟ್ ನೋಡಿದ್ರೆ ಆರ್ಡರಿಂದ ರೆಡಿವರೆಗೆ ಸರಾಸರಿ 6 ದಿನ, ಅದ್ರಲ್ಲಿ ಮಷೀನ್ ಮೇಲಿರೋದು ಅರ್ಧ ದಿನಾನೂ ಇಲ್ಲ, ಪ್ರೂಫ್ ಓಕೆ ಬರೋದಕ್ಕೇ 3 ದಿನ! ಒಂದು ಮದುವೆ ಕಾರ್ಡಿಗೆ ಏಳು ಪ್ರೂಫ್ ಹೋಗಿದೆ, ಗಣಪತಿ ಸ್ವಲ್ಪ ಮೇಲೆ ಬರ್ಲಿ, ಸುಖಾಗಮನ ಬಯಸುವವರಲ್ಲಿ ಚಿಕ್ಕಪ್ಪನ ಹೆಸ್ರು ಬಿಟ್ಟೋಗಿದೆ, ಆಮೇಲೆ ಚಿಕ್ಕಪ್ಪನ ಹೆಸ್ರು ದೊಡ್ಡಪ್ಪಂಗಿಂತ ಮೇಲೆ ಯಾಕಿದೆ. ಆ ಒಂದು ಜಾಬೇ 24 ದಿನ ತಿಂದಿದೆ, ಅಂಥವು ನಾಲ್ಕೈದಿದ್ರೆ ಸರಾಸರಿಗೆ ಅರ್ಥ ಇರಲ್ಲ, ಅದಕ್ಕೆ ಈಗ ಮೀಡಿಯನ್ (ಎಲ್ಲಾ ಜಾಬ್‌ಗಳನ್ನ ದಿನದ ಲೆಕ್ಕದಲ್ಲಿ ಸಾಲಾಗಿ ಇಟ್ರೆ ನಟ್ಟನಡುವಿನದು) ತೋರಿಸ್ತೀನಿ, ಅದು 4 ದಿನ.

ಡೇಟಾ ಸರಿ ಇದ್ಯಾ ಅಂತ ನೋಡೋಕೆ ಜಾನ್ ಲಿಟಲ್ 1961ರಲ್ಲಿ ಪ್ರೂವ್ ಮಾಡಿದ ಸೂತ್ರ ಹಾಕ್ದೆ, ಬಾಕಿ ಕೆಲಸ ಭಾಗಿಸು ದಿನಕ್ಕೆ ಮುಗಿಯೋ ಕೆಲಸ ಅಂದ್ರೆ ಒಂದು ಜಾಬಿಗೆ ಹಿಡಿಯೋ ಸರಾಸರಿ ದಿನ. ಗೋಡೆ ಮೊಳೆಗೆ ಚುಚ್ಚಿರೋ ಜಾಬ್ ಕಾರ್ಡು ದಿನಾ 30ರ ಆಸುಪಾಸು, ದಿನಕ್ಕೆ ಮುಗಿಯೋದು 5, ಅಂದ್ರೆ 6 ದಿನ. ಶೀಟಿನ ಸರಾಸರಿಗೆ ತಾಳೆ ಆಯ್ತು, ಖುಷೀಲಿ ಇನ್ನೊಂದು ಟೀ ಕುಡ್ದೆ.

ಆಮೇಲೆ ಎಡವಟ್ಟು ಮಾಡ್ಕೊಂಡೆ. ಲೇಟ್ ಆದ ಜಾಬ್‌ಗಳನ್ನ ಕೆಂಪಲ್ಲಿ ಪ್ರಿಂಟ್ ತೆಗೆದು ಕಟಿಂಗ್ ಟೇಬಲ್ ಎದುರಿಗೇ ಅಂಟಿಸ್ದೆ, ಮುಂದಿನ ವಾರ ಕೆಂಪೇ ಇಲ್ಲ. ಅನುಮಾನ ಬಂದು ನೋಡಿದ್ರೆ ಕಟ್ ಆಗದೇ ಇರೋ ಶೀಟುಗಳ ಕಟ್ಟು ಟೇಬಲ್ ಕೆಳಗೆ, ಕಾರ್ಡಲ್ಲಿ ಮಾತ್ರ 'ರೆಡಿ' ಅಂತ ಬರೆದಾಗಿದೆ. ಹುಡುಗರನ್ನ ಬೈಯೋ ಹಾಗಿಲ್ಲ, ಅಂಟಿಸಿದ್ದು ನಾನೇ. ಆ ಪೇಪರ್ ಕಿತ್ತೆ, ಈಗ ರೆಡಿ ಟೈಮ್ ಅಂದ್ರೆ ಗಿರಾಕಿಗೆ "ಬಂದು ತಗೊಂಡೋಗಿ" ಅಂತ ವಾಟ್ಸಾಪ್ ಹೋದ ಟೈಮು, ಕಟ್ ಆಗದೆ ಕಳ್ಸಿದ್ರೆ ಗಿರಾಕೀನೇ ಬಂದು ಬೈತಾರೆ.

ಈ ವಾರದಿಂದ ಎರಡು ಪ್ರೂಫ್ ಫ್ರೀ, ಮೂರನೇದಕ್ಕೆ 100 ರೂಪಾಯಿ ಅಂತ ಬೋರ್ಡ್ ಹಾಕೋಣ ಅಂದ್ರೆ ಮಾವ ಒಪ್ತಿಲ್ಲ, ಎದುರಿನ ಅಂಗಡಿಗೆ ಹೋಗ್ತಾರೆ ಅಂತಾರೆ. ಹೊಸ ಮಷೀನಿನ ಕೊಟೇಷನ್ನು ಮಾತ್ರ ಟೇಬಲ್ ಮೇಲಿಂದ ಡ್ರಾಯರಿಗೆ ಹೋಗಿದೆ.