ಅಷ್ಟು ಚೆಂದದ ಹಳೇ ಕಾರನ್ನು ಯಾಕೆ ಕುಯ್ದು ಹಾಕ್ತೀರಾ?

ವರ್ಷಕ್ಕೆ ಐದಾರು ಸಲವಾದರೂ ಈ ಪ್ರಶ್ನೆ ನನಗೆ ಎದುರಾಗುತ್ತದೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಫೋಟೊ ಹಾಕಿದರೆ ಚಿಕ್ಕಮ್ಮ ಕೇಳುತ್ತಾರೆ. ಹೋದ ಸಲ ಊರಿಗೆ ಬಂದಾಗ ಸಕಲೇಶಪುರದ ಹತ್ತಿರ ಮಾವನ ತೋಟದ ಮನೆಯಲ್ಲೂ ಇದೇ ಆಯಿತು. ಫೋನಿನಲ್ಲಿ ಒಂದು ಫೋಟೊ ತೋರಿಸಿದ್ದೆ. 1931ರ ಫೋರ್ಡ್ ಮಾಡೆಲ್ ಎ ಕೂಪೆ, ಅಂದರೆ ಎರಡು ಬಾಗಿಲಿನ ಮುಚ್ಚಿದ ಕಾರು, ಹಾಟ್ ರಾಡ್ ಮಾಡಿದ್ದು. ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ, ಛಾವಣಿ ಮೂರು ಇಂಚು ಕೆಳಗೆ ಕೂತಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಏನೋ ಇದು? ತೊಂಬತ್ತು ವರ್ಷದ ಗಾಡೀನ ಹೀಗೆ ಕುಯ್ದು ಹಾಕಿದ್ದೀಯಲ್ಲೋ! ಇದ್ದ ಹಾಗೇ ಇಟ್ಕೊಂಡಿದ್ರೆ ಏನಾಗ್ತಿತ್ತು?"

ನಾನು ಅಂಗಳದ ಕಡೆ ಕೈ ತೋರಿಸಿದೆ. "ಮಾವ, ಹೊರಗೆ ನಿಂತಿದೆಯಲ್ಲ ನಿಮ್ಮ ವಿಲ್ಲೀಸ್ ಜೀಪು, ಅದರ ಎಂಜಿನ್ ಯಾವುದು?"

ಮಾವ ಜೋರಾಗಿ ನಕ್ಕರು. ಆ ಜೀಪಿನ ಕಥೆ ಮನೆಯವರಿಗೆಲ್ಲ ಗೊತ್ತು. ಪೆಟ್ರೋಲ್ ಕುಡಿಯುತ್ತೆ ಅಂತ ಮೂಲ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಗೇರ್‌ಬಾಕ್ಸ್ ಇನ್ಯಾವುದೋ ಗಾಡಿಯದು. ಹಿಂದೆ ಕಾಫಿ ಮೂಟೆಗೆ ಜಾಗ ಆಗಲಿ ಅಂತ ತಗಡು ಕತ್ತರಿಸಿ ಕಬ್ಬಿಣದ ಬೆಂಚು ಹೊಡೆಸಿದ್ದರು. ಯಾರೂ ಅವರನ್ನು "ಯಾಕೆ ಹಾಳು ಮಾಡಿದ್ರಿ" ಅಂತ ಕೇಳಲಿಲ್ಲ. ಆಗ ಅದು ವಿಂಟೇಜ್ ಆಗಿರಲಿಲ್ಲ. ಸುಮ್ನೆ ಒಂದು ಹಳೇ ಜೀಪು, ಅಷ್ಟೇ.

ನನ್ನ ಉತ್ತರವೂ ಬಹುಪಾಲು ಇದೇ. ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಮಾತು, ಆ ಕಾರು ನನ್ನದಲ್ಲ. ನಾನಿರುವುದು ಲಾಸ್ ಏಂಜಲೀಸ್‌ನ ಪೂರ್ವಕ್ಕೆ, ಪೊಮೋನಾ ಹತ್ತಿರ. ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಅವರ ಗ್ಯಾರೇಜಿನಲ್ಲಿ ಶನಿವಾರ ಶನಿವಾರ ಎಂಟು ವರ್ಷದಿಂದ ನಾನು ಪುಕ್ಕಟೆ ಹೆಲ್ಪರ್. ಮೊದಲ ವರ್ಷ ಸ್ಪ್ಯಾನರ್ ಕೊಡುವ ಕೆಲಸ. ಈಗ ವೆಲ್ಡಿಂಗ್ ಮುಟ್ಟಲು ಬಿಡುತ್ತಾರೆ.

1930ರ ದಶಕದಲ್ಲಿ ಇಲ್ಲಿನ ಹುಡುಗರ ಕೈಗೆ ಸಿಕ್ಕಿದ್ದು ಗುಜರಿ. ಫೋರ್ಡ್ ಕಂಪನಿ ಮಾಡೆಲ್ ಟಿ ಕಾರನ್ನು 1927ರವರೆಗೆ ಒಂದೂವರೆ ಕೋಟಿ ಮಾಡಿತ್ತು. ಆಮೇಲೆ ಬಂದ ಮಾಡೆಲ್ ಎ ನಾಲ್ಕು ವರ್ಷದಲ್ಲಿ ಹತ್ತಿರ ಹತ್ತಿರ ಐವತ್ತು ಲಕ್ಷ. ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಎಲ್ಲೆಲ್ಲೂ ಹಳೇ ಫೋರ್ಡ್‌ಗಳು. ಕೈಯಲ್ಲಿ ಕಾಸಿಲ್ಲದ ಹುಡುಗನಿಗೆ ಅದಕ್ಕಿಂತ ಅಗ್ಗದ ಆಟದ ಸಾಮಾನು ಬೇರೆ ಇರಲಿಲ್ಲ.

1932ರಲ್ಲಿ ಫೋರ್ಡ್ ಇನ್ನೊಂದು ಕೆಲಸ ಮಾಡಿತು. ಸಾಮಾನ್ಯ ಜನ ಕೊಳ್ಳುವ ಕಾರಿಗೆ ವಿ8 ಎಂಜಿನ್ ಹಾಕಿತು, ಅಂದರೆ ಎಂಟು ಸಿಲಿಂಡರ್‌ಗಳನ್ನು ವಿ ಆಕಾರದಲ್ಲಿ ಜೋಡಿಸಿದ್ದು. 3.6 ಲೀಟರ್, 65 ಕುದುರೆ ಶಕ್ತಿ. ಈಗ ಕೇಳಿದರೆ ನಗು ಬರಬಹುದು. ಆದರೆ ನಮ್ಮ ಅಂಬಾಸಿಡರ್‌ನ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್‌ಗೂ ಅಷ್ಟು ಶಕ್ತಿ ಇರಲಿಲ್ಲ, ನೆನಪಿರಲಿ. ಅದಕ್ಕೂ ಮೊದಲು ವಿ8 ಅಂದರೆ ಕ್ಯಾಡಿಲಾಕ್‌ನಂಥ ಸಿರಿವಂತರ ಕಾರಿನ ಮಾತು. ಕೆಲವೇ ವರ್ಷದಲ್ಲಿ ಈ ವಿ8 ಎಂಜಿನ್‌ಗಳೂ ಗುಜರಿಗೆ ಬಂದವು. ಹಗುರವಾದ ಹಳೇ ಬಾಡಿ, ಅದಕ್ಕಿಂತ ಹೊಸದಾದ ದೊಡ್ಡ ಎಂಜಿನ್. ಹಾಟ್ ರಾಡ್ ಅಂದರೆ ಮೂಲದಲ್ಲಿ ಇಷ್ಟೇ.

ಓಡಿಸಲು ಜಾಗವೂ ಇತ್ತು. ಲಾಸ್ ಏಂಜಲೀಸ್‌ನ ಬೆಟ್ಟದ ಆಚೆ ಮೊಹಾವಿ ಮರುಭೂಮಿ. ಅಲ್ಲಿ ಒಣಗಿದ ಕೆರೆಗಳ ಅಂಗಳ ಮೈಲಿಗಟ್ಟಲೆ ಸಿಮೆಂಟು ಬಳಿದ ಹಾಗೆ ಸಪಾಟು. ಮ್ಯೂರಾಕ್, ಎಲ್ ಮಿರಾಜ್ ಅಂತ ಹೆಸರು. 1937ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ಯಾರು ಎಷ್ಟು ವೇಗ ಅಂತ ಅಳೆದು, ಆ ವೇಗ ಕೆತ್ತಿದ ಪುಟ್ಟ ಲೋಹದ ಬಿಲ್ಲೆ ಕೊಡುತ್ತಿದ್ದರು. ಹುಡುಗರು ಅದನ್ನು ಡ್ಯಾಶ್‌ಬೋರ್ಡ್‌ಗೆ ಹೊಡೆದುಕೊಳ್ಳುತ್ತಿದ್ದರು. ಮ್ಯೂರಾಕ್ ಆಮೇಲೆ ಮಿಲಿಟರಿ ಕೈಗೆ ಹೋಯಿತು. ಈಗ ಅಲ್ಲಿರುವುದು ಎಡ್ವರ್ಡ್ಸ್ ವಾಯುನೆಲೆ. ಎಲ್ ಮಿರಾಜ್‌ನಲ್ಲಿ ಮಾತ್ರ ಈಗಲೂ ಓಡಿಸುತ್ತಾರೆ.

ಕತ್ತರಿಸುವ ಚಟ ಹುಟ್ಟಿದ್ದು ಅಲ್ಲೇ. ಮಡ್‌ಗಾರ್ಡ್ ಬಿಚ್ಚಿದರೆ ಭಾರ ಕಡಿಮೆ. ಹಿಂದೆ ದೊಡ್ಡ ಟೈರು ಹಾಕಿದರೆ ಅದೇ ಎಂಜಿನ್ ವೇಗದಲ್ಲಿ ಕಾರು ಜಾಸ್ತಿ ದೂರ ಓಡುತ್ತದೆ. ಛಾವಣಿ ತಗ್ಗಿಸಿದರೆ ಗಾಳಿಗೆ ಎದೆ ಕೊಡುವುದು ಕಡಿಮೆ. ಇವತ್ತು ನೀವು ಚೆಂದ ಅನ್ನುವ, ಅಥವಾ ವಿಕಾರ ಅನ್ನುವ, ಒಂದೊಂದು ಗೆರೆಯ ಹಿಂದೆಯೂ ಮೊದಲಿಗೆ ಒಂದು ಕೆಲಸವಿತ್ತು. ಯುದ್ಧ ಮುಗಿಸಿ ಬಂದ ಹುಡುಗರು ಸೈನ್ಯದಲ್ಲಿ ಕಲಿತ ವೆಲ್ಡಿಂಗ್, ಮೆಷಿನ್ ಕೆಲಸ ಎಲ್ಲ ತಂದು ಇದಕ್ಕೆ ಸುರಿದರು. 1948ರ ಜನವರಿಯಲ್ಲಿ 'ಹಾಟ್ ರಾಡ್' ಅನ್ನುವ ಪತ್ರಿಕೆಯೇ ಶುರುವಾಯಿತು. ಅಷ್ಟು ಹೊತ್ತಿಗೆ ಆ ಎರಡು ಪದ ದಿನಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಬೈಗುಳವಾಗಿತ್ತು. ಪುಂಡ ಹುಡುಗರು, ಪುಂಡ ಕಾರುಗಳು ಅನ್ನುವ ಅರ್ಥದಲ್ಲಿ.

ಈಗ ಆ ಮೂರು ಇಂಚಿನ ವಿಷಯಕ್ಕೆ ಬರೋಣ. ಮಾವನಿಗೆ ಹೊಟ್ಟೆ ಉರಿಸಿದ್ದು ಅದೇ.

ಅಜ್ಜ ಆ ಕೂಪೆ ತಂದಾಗ ಅದು ಕಾರಾಗಿ ಉಳಿದಿರಲಿಲ್ಲ. ಮರುಭೂಮಿಯ ಅಂಚಿನ ಒಂದು ಹೊಲದಲ್ಲಿ ಬಿದ್ದಿದ್ದ ಬರೀ ಬಾಡಿ. ಎಂಜಿನ್ ಇಲ್ಲ, ನೆಲದ ತಗಡು ತುಕ್ಕು ತಿಂದು ಹೋಗಿದೆ. ಎಡ ಬಾಗಿಲಲ್ಲಿ ಏಳು ತೂತು. ಯಾರೋ ಬಂದೂಕಿನ ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದ್ದಾರೆ! ಅದನ್ನು ಕಾರ್ಖಾನೆಯಿಂದ ಬಂದ ಹಾಗೆ ಮಾಡಬೇಕಾದರೆ ಮುಕ್ಕಾಲು ಪಾಲು ಹೊಸ ತಗಡನ್ನೇ ಹಾಕಬೇಕು. ಆಗ ಅದನ್ನು ಹಳೇ ಕಾರು ಅನ್ನಬಹುದಾ?

ಛಾವಣಿ ತಗ್ಗಿಸುವುದಕ್ಕೆ ಇಲ್ಲಿ ಚಾಪ್ ಅನ್ನುತ್ತಾರೆ. ಮೊದಲ ಕೆಲಸ ಕತ್ತರಿಸುವುದಲ್ಲ, ಕಟ್ಟುವುದು. ಬಾಗಿಲಿನ ಜಾಗದಲ್ಲಿ ಅಡ್ಡಡ್ಡ ಕಬ್ಬಿಣದ ಸರಳು ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಛಾವಣಿ ಹೊತ್ತ ಕಂಬ ಕತ್ತರಿಸಿದ ತಕ್ಷಣ ಬಾಡಿ ಬಿರಿದುಕೊಳ್ಳುತ್ತದೆ, ಮತ್ತೆ ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ. ಆಮೇಲೆ ಎಲ್ಲ ಕಂಬಗಳಿಗೂ ಟೇಪು ಸುತ್ತಿ ಗುರುತು. ಮಾಡೆಲ್ ಎ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿವೆ. ಮೂರು ಇಂಚು ತುಂಡು ತೆಗೆದು ಇಳಿಸಿದರೆ ಮೇಲಿನದು ಕೆಳಗಿನದರ ಮೇಲೆ ಹೊಂದಿ ಕೂರುತ್ತದೆ. ಛಾವಣಿಯ ನಡುವೆ ತಗಡೇ ಇಲ್ಲ. ಮರದ ಪಟ್ಟಿ, ಅದರ ಮೇಲೆ ಬಟ್ಟೆ. ಗಾಜೆಲ್ಲ ಚಪ್ಪಟೆ, ಯಾವ ಗಾಜಿನಂಗಡಿಯಲ್ಲಾದರೂ ಕತ್ತರಿಸಿ ಕೊಡುತ್ತಾರೆ. ಕಲಿಯುವವನಿಗೆ ಇದಕ್ಕಿಂತ ಸುಲಭದ ಕಾರಿಲ್ಲ ಅಂತ ಅಜ್ಜ ಹೇಳಿದ್ದರು.

ಸುಲಭದ್ದನ್ನೂ ಕೆಡಿಸಬಹುದು ಅಂತ ನಾನು ತೋರಿಸಿಕೊಟ್ಟೆ. ಟೇಪಿನ ಮೇಲಂಚಿನಲ್ಲಿ ಕತ್ತರಿಸಬೇಕಿತ್ತು. ಬಲಗಡೆ ಸರಿಯಾಗಿ ಮಾಡಿದೆ. ಎಡಗಡೆ ಬಗ್ಗಿ ಕೂತಾಗ ಯಾವ ಅಂಚು ಅಂತ ಮರೆತುಹೋಯಿತು. ಛಾವಣಿ ಇಳಿಸಿ ನೋಡಿದರೆ ಕಾರು ಒಂದು ಕಡೆ ಹುಬ್ಬು ಏರಿಸಿ ನಮ್ಮನ್ನೇ ನೋಡುತ್ತಿದೆ. ಅಜ್ಜ ಏನೂ ಬೈಯಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಂಡು ಕುಡಿದರು. ಆಮೇಲೆ ಗುಜರಿ ಡಬ್ಬದಿಂದ ಮುಕ್ಕಾಲು ಇಂಚಿನ ಪಟ್ಟಿ ಹುಡುಕಿ ಕೊಟ್ಟರು. ಅದನ್ನು ಸೇರಿಸಲು ನನಗೆ ಎರಡು ಶನಿವಾರ ಹಿಡಿಯಿತು.

ವೆಲ್ಡ್ ಮಾಡಿದ ಜಾಗ ಉಬ್ಬುತಗ್ಗಾಗಿರುತ್ತದೆ. ಈಗೆಲ್ಲ ಅಲ್ಲಿ ಪುಟ್ಟಿ ಬಳಿದು ಉಜ್ಜುತ್ತಾರೆ. ಅಜ್ಜನದು ಹಳೇ ಪದ್ಧತಿ, ಸೀಸ. ಇದನ್ನು ಮೊದಲ ಸಲ ನೋಡಿದಾಗ ನನಗೆ ಚಿಕ್ಕಂದಿನ ಬೀದಿ ನೆನಪಾಯಿತು. ಕಲಾಯಿ ಹಾಕುವವರು ಬಂದು ಮರದ ಕೆಳಗೆ ತಿದಿ ಹೂಡುತ್ತಿದ್ದರಲ್ಲ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆ ಬೆಳ್ಳಗೆ ಹೊಳೆಯುತ್ತಿತ್ತಲ್ಲ, ಇಲ್ಲೂ ಅದೇ. ತಗಡನ್ನು ಉಜ್ಜಿ, ಕಾಯಿಸಿ, ಮೊದಲು ತೆಳ್ಳಗೆ ಕಲಾಯಿ. ಅದಿಲ್ಲದೆ ಸೀಸ ಹಿಡಿಯುವುದಿಲ್ಲ. ಆಮೇಲೆ ಸೀಸ ಮತ್ತು ತವರ ಬೆರೆತ ಕಡ್ಡಿಯನ್ನು ಬೆಂಕಿಗೆ ಹಿಡಿಯಬೇಕು. ಅದು ಒಮ್ಮೆಗೇ ನೀರಾಗುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ಹಾಗೆ ಇರುತ್ತದೆ. ಆ ಹೊತ್ತಿನಲ್ಲಿ ಕೊಬ್ಬು ಸವರಿದ ಮರದ ಹಲಗೆಯಲ್ಲಿ ಒತ್ತಿ ಹರಡಬೇಕು. ಬೆಂಕಿ ಒಂದು ಚೂರು ಜಾಸ್ತಿಯಾದರೆ ಎಲ್ಲ ಕರಗಿ ಚಪ್ಪಲಿ ಮೇಲೆ. (ಚಪ್ಪಲಿ ಹಾಕಿಕೊಂಡು ಹೋಗಬೇಡಿ. ನಾನು ಹೋಗಿದ್ದೆ.) ಆರಿದ ಮೇಲೆ ಕೈ ಅರದಲ್ಲಿ ಮಾತ್ರ ಉಜ್ಜಬೇಕು. ಗ್ರೈಂಡರ್ ಹಾಕಿದರೆ ಸೀಸದ ಧೂಳು ಹಾರುತ್ತದೆ. ಅದು ವಿಷ.

ಈ ಸೀಸದ ಕೆಲಸವನ್ನು ಕಲೆಯ ಮಟ್ಟಕ್ಕೆ ಒಯ್ದವರು ವೇಗದ ಹಿಂದೆ ಬಿದ್ದವರಲ್ಲ, ಅಂದದ ಹಿಂದೆ ಬಿದ್ದವರು. ಅವರ ಕಾರುಗಳಿಗೆ ಕಸ್ಟಮ್ ಅಂತ ಹೆಸರು. ಅದು ಬೇರೆಯೇ ಕವಲು. 1949ರಿಂದ 51ರವರೆಗಿನ ಮರ್ಕ್ಯುರಿ, ಫೋರ್ಡ್ ಕಂಪನಿಯದೇ ಇನ್ನೊಂದು ಹೆಸರಿನ ಕಾರು, ಅವರ ಅಚ್ಚುಮೆಚ್ಚು. ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಅನ್ನುವ ಅಣ್ಣತಮ್ಮಂದಿರ ಗ್ಯಾರೇಜಿನಲ್ಲಿ ಬಾಬ್ ಹಿರೋಹಾಟ ಅನ್ನುವ ಜಪಾನಿ ಮೂಲದ ಯುವಕ ತನ್ನ 1951ರ ಮರ್ಕ್ಯುರಿಯನ್ನು 1952ರಲ್ಲಿ ಹೀಗೆ ಮಾಡಿಸಿದ. ಅದು ಕೈ ಬದಲಾಗುತ್ತ ಹೋಗಿ, 1959ರಲ್ಲಿ ಹೈಸ್ಕೂಲ್ ಹುಡುಗನೊಬ್ಬ 500 ಡಾಲರ್‌ಗೆ ಕೊಂಡ. ಅವನು ಸಾಯುವವರೆಗೂ ಮಾರಲಿಲ್ಲ. 2022ರಲ್ಲಿ ಅದೇ ಕಾರು ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರ್‌ಗೆ ಹೋಯಿತು. ಕತ್ತರಿಸದೆ ಇಟ್ಟಿದ್ದ ಅದೇ ವರ್ಷದ ಮರ್ಕ್ಯುರಿಗೆ ಅದರ ಹತ್ತಿರ ಹತ್ತಿರವೂ ಬೆಲೆ ಬರುವುದಿಲ್ಲ. ಹಾಳು ಮಾಡುವುದು ಅಂದರೆ ಏನು ಅಂತ ಕೇಳುವವರಿಗೆ ಈ ಕಥೆ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ನಡೆಯುವ ಭಾರಿ ಶ್ರೀಮಂತ ಹಳೇ ಕಾರು ಪ್ರದರ್ಶನವೂ 1997ರಲ್ಲಿ ಹಾಟ್ ರಾಡ್‌ಗಳಿಗೆ ಬಾಗಿಲು ತೆರೆಯಿತು. ಅಜ್ಜನಿಗೆ ಅದರಿಂದ ಏನೂ ಖುಷಿಯಿಲ್ಲ. ಹುಲ್ಲಿನ ಮೇಲೆ ನಿಲ್ಲಿಸುವುದಕ್ಕಾ ಮಾಡಿದ್ದು ಅನ್ನುತ್ತಾರೆ.

ಹಾಗಾದರೆ ಕೈಗೆ ಸಿಕ್ಕಿದ್ದೆಲ್ಲ ಕತ್ತರಿಸಬಹುದಾ? ಖಂಡಿತ ಇಲ್ಲ. ಇದರಲ್ಲಿ ನಾನು ಮಾವನ ಪಕ್ಷ. ಒಂದೇ ಮನೆಯಲ್ಲಿ ಬಾಳಿದ, ಮೂಲ ಎಂಜಿನ್, ಮೂಲ ಸೀಟು ಇರುವ 1932ರ ಫೋರ್ಡ್ ಇವತ್ತು ಸಿಕ್ಕಿದರೆ ಅದಕ್ಕೆ ಗರಗಸ ಮುಟ್ಟಿಸುವುದು ಪಾಪ. ಅದರ ಅಗತ್ಯವೂ ಇಲ್ಲ. ಆ ಕಾರಿನ ಹೊಸ ಉಕ್ಕಿನ ಬಾಡಿಯನ್ನೇ ಈಗ ಅಚ್ಚು ಹಾಕಿ ಮಾರುತ್ತಾರೆ. ದುಡ್ಡಿದ್ದೂ ಅಪರೂಪದ ಕಾರು ತಂದು ಕತ್ತರಿಸುವವರನ್ನು ನೋಡಿದ್ದೇನೆ. ಅವರ ಪರವಾಗಿ ಉತ್ತರಿಸಲು ನನಗೆ ಮನಸ್ಸಿಲ್ಲ.

ಇನ್ನು, "ಬೆಂಗಳೂರಲ್ಲಿ ಇದನ್ನು ಮಾಡಬಹುದಾ?" ಇದು ಮೊದಲ ಪ್ರಶ್ನೆಯ ಬಾಲ. ಆಸೆ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಮಾಡಿದ ಸ್ವರೂಪ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಇನ್ನೂ ಬಿಗಿ. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ವಿಶೇಷ ನಂಬರ್ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ನಮ್ಮಲ್ಲಿ ಅಮೆರಿಕದ ಹಳೇ ಕಾರು ಇಲ್ಲಿಗಿಂತ ಎಷ್ಟೋ ಅಪರೂಪ. ಅರಮನೆಗೊಂದು, ದೊಡ್ಡ ಎಸ್ಟೇಟಿಗೊಂದು. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಅಂಥವನ್ನು ಹಗ್ಗದ ಈಚೆ ನಿಂತು ನೋಡಿ ಬೆಳೆದವರು ನಾವು. ಮಾವನ ಸಿಟ್ಟು ಹುಟ್ಟಿದ್ದು ಅಲ್ಲಿ. ಅಜ್ಜನ ಗರಗಸ ಹುಟ್ಟಿದ್ದು ಹೊಲ ತುಂಬ ಫೋರ್ಡ್ ಬಿದ್ದಿದ್ದ ನಾಡಿನಲ್ಲಿ.

ಅಜ್ಜನ ಹತ್ತಿರ ಇನ್ನೊಂದು ಕಾರಿದೆ. 1932ರ ಫೋರ್ಡ್ ರೋಡ್‌ಸ್ಟರ್, ಅಂದರೆ ತೆರೆದ ಕಾರು, ಅವರಿಗಿಂತ ಮೊದಲೇ ಯಾರೋ ಹಾಟ್ ರಾಡ್ ಮಾಡಿದ್ದು. ಡ್ಯಾಶ್‌ಬೋರ್ಡಿನ ಬಲಗಡೆ ಎರಡು ಸಣ್ಣ ತೂತುಗಳಿವೆ. ಒಣಕೆರೆಯ ವೇಗದ ಬಿಲ್ಲೆ ಹೊಡೆದಿದ್ದ ಜಾಗ. ಬಿಲ್ಲೆ ಕಳೆದುಹೋಗಿದೆ. ಅಂಥದ್ದೇ ನಕಲಿ ಬಿಲ್ಲೆ ಪೊಮೋನಾದ ಹಳೇ ಸಾಮಾನಿನ ಸಂತೆಯಲ್ಲಿ ಸಿಗುತ್ತದೆ. ಒಮ್ಮೆ ನಾನೇ ಒಂದು ತಂದುಕೊಟ್ಟೆ. ಅಜ್ಜ ತಿರುಗಿಸಿ ತಿರುಗಿಸಿ ನೋಡಿ ಸ್ಕ್ರೂ ಡಬ್ಬಕ್ಕೆ ಹಾಕಿದರು. ಆ ತೂತುಗಳಿಗೆ ಪುಟ್ಟಿ ತುಂಬಲೂ ಅವರು ಬಿಟ್ಟಿಲ್ಲ.